ನೀರ ಮೇಲೊಂದು ಲಾಗ: ನಿಂತು ಓಡಿಸುವ ಜೆಟ್ ಸ್ಕೀಯ ಕಸರತ್ತು

ಅಮೆರಿಕದ ಆರಿಜೋನಾ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಗಡಿಯಲ್ಲಿ ಕೊಲರಾಡೊ ನದಿಗೆ ಕಟ್ಟಿದ ಪಾರ್ಕರ್ ಅಣೆಕಟ್ಟು 1938ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ಮರುಭೂಮಿಯ ನಡುವೆ ನಿಂತ ಜಲಾಶಯವೇ ಲೇಕ್ ಹವಾಸು. ಅಕ್ಟೋಬರ್ ತಿಂಗಳಲ್ಲಿ ನಡೆಯುವ ವಿಶ್ವ ಫೈನಲ್ಸ್‌ಗೆಂದು ಜಗತ್ತಿನ ನಾನಾ ಕಡೆಯ ಜೆಟ್ ಸ್ಕೀ ಸವಾರರು ದಶಕಗಳಿಂದ ಇಲ್ಲಿಗೆ ಬರುತ್ತಿದ್ದಾರೆ. ಹೆಚ್ಚಿನವರದು ವೇಗದ ಸ್ಪರ್ಧೆ. ಫ್ರೀಸ್ಟೈಲ್ ವಿಭಾಗದ ಬಗೆಯೇ ಬೇರೆ. ಸವಾರ ಒಬ್ಬನೇ ನೀರಿಗಿಳಿಯುತ್ತಾನೆ, ಅವನಿಗೆ ಸಿಗುವುದು ಎರಡು ನಿಮಿಷ. ಅಷ್ಟರೊಳಗೆ ನೂರು ಕಿಲೋಗೂ ಮಿಕ್ಕಿದ ಯಂತ್ರದೊಂದಿಗೆ ಗಾಳಿಗೆ ಜಿಗಿದು, ಹಿಂದಕ್ಕೆ ಲಾಗ ಹಾಕಿ, ಪಕ್ಕಕ್ಕೆ ಉರುಳಿ, ಮತ್ತೆ ಕಾಲೂರಿ ಇಳಿಯಬೇಕು. ಎಷ್ಟು ಕಸರತ್ತು, ಎಂಥ ಕಸರತ್ತು, ಎಷ್ಟು ಅಚ್ಚುಕಟ್ಟು ಎಂದು ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ.

ಜೆಟ್ ಸ್ಕೀ ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮಲ್ಪೆ, ಪಣಂಬೂರಿನಂಥ ಕಡಲತೀರಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುವ ವಾಟರ್ ಸ್ಕೂಟರ್. ಅದು ಕುಳಿತು ಓಡಿಸುವ ಬಗೆ. ತಳ ಅಗಲ, ಸೀಟು ಉದ್ದ, ನಿಂತಲ್ಲೇ ನಿಂತರೂ ಮಗುಚುವುದಿಲ್ಲ. ಫ್ರೀಸ್ಟೈಲ್ ಸವಾರರ ಯಂತ್ರಕ್ಕೆ ಸೀಟೇ ಇಲ್ಲ. ಹಿಂಬದಿಯಲ್ಲಿ ಎರಡು ಕಾಲಿಡುವಷ್ಟು ತಗ್ಗಾದ ಜಾಗ, ಮೂತಿಯ ಬಳಿ ಕೀಲು ಕೂರಿಸಿ ಮೇಲಕ್ಕೂ ಕೆಳಕ್ಕೂ ಆಡುವಂತೆ ಮಾಡಿದ ಉದ್ದನೆಯ ಕೋಲು, ಅದರ ತುದಿಗೆ ಹ್ಯಾಂಡಲ್. ಓಡುವಾಗ ಮಾತ್ರ ಅದು ನೆಟ್ಟಗೆ ಇರುತ್ತದೆ. ನಿಲ್ಲಿಸಿದರೆ ಸವಾರನನ್ನು ಪಕ್ಕಕ್ಕೆ ಕೆಡವುತ್ತದೆ. ಕಲಿಯುವವರಿಗೆ ಕಾಟ ಕೊಡುವ ಈ ಅಸ್ಥಿರತೆಯೇ ಕಲಿತವರ ಕೈಯಲ್ಲಿ ದೊಡ್ಡ ಅನುಕೂಲವಾಗುತ್ತದೆ, ಏಕೆಂದರೆ ಸುಲಭವಾಗಿ ಮಗುಚುವ ಯಂತ್ರವನ್ನು ಬೇಕೆಂದಾಗ ಮಗುಚುವುದೂ ಸುಲಭ.

ಈ ಯಂತ್ರ ಹುಟ್ಟಿದ್ದೇ ಬೀಳುವ ನೋವಿನಿಂದ. 1960ರ ದಶಕದಲ್ಲಿ ಕ್ಲೇಟನ್ ಜೇಕಬ್ಸನ್ ಎಂಬ ಅಮೆರಿಕನ್ ಮೋಟೋಕ್ರಾಸ್ ಸವಾರ ಮರುಭೂಮಿಯ ಕಲ್ಲುಮಣ್ಣಿನ ಮೇಲೆ ಬೈಕಿನಿಂದ ಬಿದ್ದು ಬಿದ್ದು ಬೇಸತ್ತಿದ್ದರು. ಬೀಳುವುದಾದರೆ ನೀರಿಗೆ ಬೀಳುವಂಥ ಒಂದು ಬೈಕ್ ಇರಬಾರದೇಕೆ ಎಂಬ ಯೋಚನೆ ಅವರಿಗೆ ಬಂತು. ಬ್ಯಾಂಕಿನ ಕೆಲಸ ಬಿಟ್ಟು ಅದರ ಹಿಂದೆ ಬಿದ್ದರು. ಕೆನಡಾದ ಬೊಂಬಾರ್ಡಿಯೆ ಕಂಪನಿ ಅವರ ಜೊತೆಗೂಡಿ 1968ರಲ್ಲಿ ಕುಳಿತು ಓಡಿಸುವ ಸೀ-ಡೂವನ್ನು ಮಾರುಕಟ್ಟೆಗೆ ತಂದಿತು. ಅದು ಓಡಲಿಲ್ಲ, ಕಂಪನಿ ಸ್ವಲ್ಪ ಕಾಲದಲ್ಲೇ ಅದನ್ನು ಕೈಬಿಟ್ಟಿತು. ಜೇಕಬ್ಸನ್ ಬಿಡಲಿಲ್ಲ. ನಿಂತು ಓಡಿಸುವ ಮಾದರಿಯನ್ನು ಜಪಾನಿನ ಕವಾಸಾಕಿ ಕಂಪನಿಗೆ ಒಪ್ಪಿಸಿದರು. 1973ರಲ್ಲಿ ‘ಜೆಟ್ ಸ್ಕೀ’ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂತು. ಇಂದು ಎಲ್ಲ ಕಂಪನಿಗಳ ಯಂತ್ರಕ್ಕೂ ಜನ ಅದೇ ಹೆಸರು ಹೇಳುತ್ತಾರಾದರೂ ಅದು ಈಗಲೂ ಕವಾಸಾಕಿಯ ಟ್ರೇಡ್‌ಮಾರ್ಕ್.

ಕಸರತ್ತಿನವರ ಮೆಚ್ಚಿನ ಯಂತ್ರ ಮಾತ್ರ ಇನ್ನೊಂದು ಕಂಪನಿಯದು. ಯಮಾಹಾ 1990ರಲ್ಲಿ ತಂದ ಸೂಪರ್‌ಜೆಟ್ ಗಿಡ್ಡಾಗಿತ್ತು, ಹಗುರಾಗಿತ್ತು. ಮೊದಲು 633 ಸಿಸಿ, ಆಮೇಲೆ 701 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಮೂರು ದಶಕ ಹೆಚ್ಚು ಬದಲಾಗದೆ ಉಳಿದ ಈ ಮಾದರಿಯ ಮೇಲೆಯೇ ಒಂದಿಡೀ ತಲೆಮಾರು ಲಾಗ ಕಲಿಯಿತು. ಹೊಗೆ ಕಡಿಮೆ ಮಾಡಲು ಅಮೆರಿಕ ನಿಯಮ ಬಿಗಿಗೊಳಿಸಿದ ಮೇಲೆ ಅಲ್ಲಿ ಅದನ್ನು ಸ್ಪರ್ಧೆಗೆ ಮಾತ್ರ ಎಂದು ನಮೂದಿಸಿ ಮಾರಬೇಕಾಯಿತು. 2021ರಲ್ಲಿ 1049 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನಿನ ಹೊಸ ಸೂಪರ್‌ಜೆಟ್ ಬಂತು. ಅದು ಹಳೆಯದಕ್ಕಿಂತ ಉದ್ದ, ಭಾರ. ಹಾಗಾಗಿ ಕಸರತ್ತು ಮಾಡುವವರು ಇಂದಿಗೂ ಹಳೆಯ ಟೂ-ಸ್ಟ್ರೋಕ್ ಯಂತ್ರಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಪಂಪಿನ ಸ್ವಭಾವ ತಿಳಿಯಬೇಕು

ಲಾಗದ ಗುಟ್ಟು ತೋಳಿನ ಬಲದಲ್ಲಿದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಅದು ಇರುವುದು ಯಂತ್ರದ ತಳದಲ್ಲಿ. ಜೆಟ್ ಸ್ಕೀಗೆ ದೋಣಿಯ ಹಾಗೆ ಹೊರಗೆ ತಿರುಗುವ ಪಂಕವಿಲ್ಲ. ತಳದಲ್ಲಿ ಸರಳು ಜಾಲರಿ ಹಾಕಿದ ಒಂದು ಬಾಯಿ ಇದೆ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಆ ಬಾಯಿಯಿಂದ ನೀರೆಳೆದು, ಹಿಂದಿನ ಕಿರಿದಾದ ನಾಜಲ್‌ನಿಂದ ರಭಸವಾಗಿ ಹೊರಗೆ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ ನುಗ್ಗಿದಷ್ಟು ಯಂತ್ರ ಮುಂದಕ್ಕೆ ನುಗ್ಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ನಾಜಲ್ ಪಕ್ಕಕ್ಕೆ ತಿರುಗಿ, ಚಿಮ್ಮುವ ನೀರಿನ ದಿಕ್ಕು ಬದಲಾಗಿ ಯಂತ್ರ ಹೊರಳುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಆಕ್ಸಿಲರೇಟರ್ ಬಿಟ್ಟರೆ ನೀರು ಚಿಮ್ಮುವುದಿಲ್ಲ, ನೀರು ಚಿಮ್ಮದಿದ್ದರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಯಂತ್ರ ತಿರುಗುವುದಿಲ್ಲ. ಹೆದರಿ ಬೆರಳು ಬಿಟ್ಟ ಹೊಸಬ ನೇರವಾಗಿ ಹೋಗಿ ಅಡ್ಡ ಬಂದದ್ದಕ್ಕೆ ಗುದ್ದುವುದು ಹೀಗೆಯೇ. ಎರಡು, ತಳದ ಬಾಯಿ ನೀರಿನಲ್ಲಿ ಇರುವವರೆಗೆ ಮಾತ್ರ ಪಂಪಿಗೆ ಬಲ. ಯಂತ್ರ ಗಾಳಿಗೆ ಎದ್ದ ಕ್ಷಣದಿಂದ ಇಂಪೆಲ್ಲರ್ ಬರಿದೇ ತಿರುಗುತ್ತದೆ. ಹಾಗಾಗಿ ಲಾಗಕ್ಕೆ ಬೇಕಾದ ಎತ್ತರವನ್ನೂ ತಿರುಗುವ ವೇಗವನ್ನೂ ನೀರು ಬಿಡುವ ಮುಂಚೆಯೇ ಗಳಿಸಿಕೊಂಡಿರಬೇಕು.

ನಿಲ್ಲುವುದೇ ಮೊದಲ ಪಾಠ

ಹೊಸಬರಿಗೆ ಮೊದಲ ದಿನ ಲಾಗದ ಮಾತೇ ಇಲ್ಲ, ಎದ್ದು ನಿಲ್ಲುವುದೇ ದೊಡ್ಡ ಕೆಲಸ. ಎದೆಮಟ್ಟದ ನೀರಿನಲ್ಲಿ ಯಂತ್ರದ ಹಿಂದೆ ನಿಂತು ಹ್ಯಾಂಡಲ್ ಹಿಡಿದು, ಹೊಟ್ಟೆಯ ಮೇಲೆ ಹಿಂಬದಿಗೆ ಏರಬೇಕು. ಮೆಲ್ಲಗೆ ಆಕ್ಸಿಲರೇಟರ್ ಒತ್ತಿ ಯಂತ್ರ ಓಡತೊಡಗಿದಾಗ ಒಂದು ಮೊಣಕಾಲು, ಆಮೇಲೆ ಇನ್ನೊಂದು ಮೊಣಕಾಲು ಊರಬೇಕು. ವೇಗ ಬಂದ ಹಾಗೆ ತಳ ನೀರಿನ ಮೇಲ್ಮೈಗೆ ಎದ್ದು ನಿಲುವು ಗಟ್ಟಿಯಾಗುತ್ತದೆ, ಆಗ ಒಂದೊಂದಾಗಿ ಪಾದ ಊರಿ ಎದ್ದು ನಿಲ್ಲಬೇಕು. ಬೇಗ ನಿಲ್ಲಲು ಹೋದವರು ಬೀಳುತ್ತಾರೆ. ಹ್ಯಾಂಡಲ್‌ಗೆ ಜೋತುಬಿದ್ದವರೂ ಬೀಳುತ್ತಾರೆ, ಏಕೆಂದರೆ ಕೋಲು ಕೀಲಿನ ಮೇಲಿರುವುದರಿಂದ ಅದು ಮೈಭಾರ ಹೊರುವುದಿಲ್ಲ. ಭಾರವೆಲ್ಲ ಕಾಲಿನ ಮೇಲಿರಬೇಕು, ಮೊಣಕಾಲು ಬಾಗಿರಬೇಕು, ಕಣ್ಣು ಮೂತಿಯ ಮೇಲಲ್ಲ, ಹೋಗಬೇಕಾದ ಕಡೆ ಇರಬೇಕು.

ವೇಗದಲ್ಲಿ ನಿಲ್ಲುವುದು ಬಂದ ಮೇಲೆ ನಿಧಾನದಲ್ಲಿ ನಿಲ್ಲುವುದನ್ನು ಕಲಿಯಬೇಕು. ಇದು ಹೆಚ್ಚು ಕಷ್ಟ, ಹೆಚ್ಚು ಮುಖ್ಯ. ಸಮತಟ್ಟು ನೀರಿನ ಕಸರತ್ತುಗಳೆಲ್ಲ ಕಡಿಮೆ ವೇಗದಲ್ಲಿಯೇ ಶುರುವಾಗುತ್ತವೆ. ಚಿಕ್ಕ ಚಿಕ್ಕ ವೃತ್ತ ಹಾಕುವುದು, ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ಹೊರಳುವುದು, ನಿಂತಂತೆ ಮಾಡಿ ಬೀಳದೆ ಮತ್ತೆ ಹೊರಡುವುದು ಇವೇ ದಿನದ ಅಭ್ಯಾಸ. ಆಮೇಲೆ ಬರುವುದು ಅರ್ಧಸುತ್ತು. ಹ್ಯಾಂಡಲ್ ಪೂರ್ತಿ ತಿರುಗಿಸಿ, ಮೈಭಾರ ಮುಂದಕ್ಕೆ ತಂದು, ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟರೆ ಹಿಂಬದಿ ಜಾರಿ ಯಂತ್ರ ಬಂದ ದಾರಿಗೆ ಮುಖ ಮಾಡುತ್ತದೆ. ಅರ್ಧಸುತ್ತು ಪಳಗಿದರೆ ಪೂರ್ಣಸುತ್ತು ತಾನಾಗಿ ಬರುತ್ತದೆ.

ಅಲ್ಲಿಂದ ಮುಂದಿನ ಪಾಠ ಮೂತಿಯನ್ನು ನೀರೊಳಗೆ ತಳ್ಳುವುದು. ಸವಾರರು ಇದನ್ನು ಸಬ್‌ಮರೀನ್ ಎನ್ನುತ್ತಾರೆ. ಯಂತ್ರ ಸಣ್ಣ ಅಲೆಯೊಂದನ್ನು ದಾಟಿ ಮೂತಿ ಕೆಳಗಾದ ಗಳಿಗೆಯಲ್ಲಿ ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿದರೆ ಮೂತಿ ಮುಳುಗುತ್ತದೆ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಸವಾರನೂ ಯಂತ್ರವೂ ಸ್ವಲ್ಪ ದೂರ ನೀರಡಿಯಲ್ಲಿ ಸಾಗಿ ಮುಂದೆ ಭುಸ್ಸನೆ ಮೇಲೇಳುತ್ತಾರೆ. ನೋಡುವವರಿಗೆ ಇದು ಮೋಜು, ಕಲಿಯುವವನಿಗೆ ಲಾಗದ ಬೀಜಪಾಠ. ಖಾಲಿ ಕೊಡವನ್ನು ಬಾಯಿ ಮುಚ್ಚಿ ಬಾವಿಯ ನೀರಿಗೆ ಅದುಮಿ ಕೈಬಿಟ್ಟರೆ ಹೇಗೆ ನೆಗೆದು ಬರುತ್ತದೋ ಹಾಗೆ, ಮುಳುಗಿಸಿದ ಮೂತಿಯೂ ಮೇಲಕ್ಕೆ ಚಿಮ್ಮುತ್ತದೆ. ಎಷ್ಟು ಆಳಕ್ಕೆ ಅದುಮಿದರೆ ಎಷ್ಟು ಜೋರಾಗಿ ಚಿಮ್ಮುತ್ತದೆ, ಯಾವಾಗ ಚಿಮ್ಮುತ್ತದೆ ಎಂಬುದು ಕಾಲಿಗೆ ತಿಳಿಯುವವರೆಗೆ ಮುಂದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಒಂದು ಸೆಕೆಂಡಿನ ಲೆಕ್ಕ

ಸಮತಟ್ಟು ನೀರಿನಿಂದ ಯಂತ್ರ ಸುಮಾರು 1.2 ಮೀಟರ್ ಮೇಲೆದ್ದರೆ, ಗುರುತ್ವಾಕರ್ಷಣೆಯ ಲೆಕ್ಕದಂತೆ ಅದು ಏರಿ ಇಳಿಯಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡ್. ಅಷ್ಟೇ ಹೊತ್ತಿನಲ್ಲಿ 360 ಡಿಗ್ರಿ ತಿರುಗಿ ಮುಗಿಸಬೇಕು. ಎತ್ತರವನ್ನು ಅರ್ಧಕ್ಕಿಳಿಸಿದರೆ ಸಿಗುವ ಕಾಲ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಎತ್ತರ ಕಡಿಮೆಯಾದಷ್ಟೂ ತಿರುಗುವ ವೇಗ ಹೆಚ್ಚಿರಬೇಕು. ಗಾಳಿಯಲ್ಲಿ ಒದ್ದಾಡಿ ವೇಗ ಗಳಿಸಲು ಬರುವುದಿಲ್ಲ, ಒದೆಯಲು ಅಲ್ಲಿ ಆಸರೆ ಇಲ್ಲ. ಮೈ ಮುದುಡಿಕೊಂಡು ಯಂತ್ರಕ್ಕೆ ಒತ್ತಿಕೊಂಡರೆ ಸುತ್ತು ಸ್ವಲ್ಪ ಚುರುಕಾಗುತ್ತದೆ, ಕೈಕಾಲು ಚಾಚಿದರೆ ನಿಧಾನವಾಗುತ್ತದೆ. ಸವಾರನ ಕೈಯಲ್ಲಿ ಉಳಿಯುವುದು ಅಷ್ಟು ಮಾತ್ರ.

ಹಿಮ್ಮುಖ ಲಾಗ, ಅಂದರೆ ಬ್ಯಾಕ್‌ಫ್ಲಿಪ್, ಹೀಗೆ ಬಿಚ್ಚಿಕೊಳ್ಳುತ್ತದೆ. ಸವಾರ ನಿಧಾನವಾಗಿ ಸುತ್ತು ಹಾಕಿ ತನ್ನದೇ ಯಂತ್ರ ಎಬ್ಬಿಸಿದ ಅಲೆಗೆ ಎದುರಾಗಿ ಬರುತ್ತಾನೆ. ಅಲೆ ಮೂತಿಯನ್ನು ಎತ್ತಿ ಇಳಿಸುವಾಗ ಮೊಣಕಾಲು ಬಗ್ಗಿಸಿ ಕುಕ್ಕರಿಸಿ ಮೂತಿಯನ್ನು ಒತ್ತುತ್ತಾನೆ. ಮೂತಿ ಮೇಲೇಳತೊಡಗಿದಾಗ ಭಾರವನ್ನು ಹಿಂಗಾಲಿಗೆ ತಂದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹ್ಯಾಂಡಲನ್ನು ಹೊಟ್ಟೆಯ ಕಡೆ ಎಳೆದು, ಕಾಲಿನಿಂದ ನೆಗೆಯುತ್ತಾನೆ. ಈಗ ಯಂತ್ರ ನೆಟ್ಟಗೆ ನಿಂತಿದೆ, ಪಂಪಿನ ಬಾಯಿ ಇನ್ನೂ ನೀರಿನಲ್ಲಿದೆ, ಚಿಮ್ಮುವ ನೀರು ಅದನ್ನು ಮೇಲಕ್ಕೆ ನೂಕುತ್ತಿದೆ. ಆಗಲೇ ತಲೆಯನ್ನು ಹಿಂದಕ್ಕೆ ಚೆಲ್ಲಿ ತನ್ನ ಬೆನ್ನ ಹಿಂದಿನ ನೀರನ್ನು ಕಣ್ಣಿನಿಂದ ಹುಡುಕಬೇಕು. ತಲೆ ಹೋದ ಕಡೆ ಮೈ, ಮೈ ಹೋದ ಕಡೆ ಯಂತ್ರ. ಯಂತ್ರ ನೀರು ಬಿಟ್ಟ ಕೂಡಲೇ ಬೆರಳು ಸಡಿಲಿಸಬೇಕು, ಇಲ್ಲವಾದರೆ ಹೊರೆಯಿಲ್ಲದ ಎಂಜಿನ್ ಹದ್ದು ಮೀರಿ ತಿರುಗುತ್ತದೆ. ಇಳಿದು ತಳ ನೀರಿಗೆ ತಾಗಿ ಪಂಪು ನೀರು ಹಿಡಿದ ಮೇಲೆ ಮತ್ತೆ ಒತ್ತಬೇಕು. ಒತ್ತಿಕೊಂಡೇ ಇಳಿದರೆ ಆ ಹೊಡೆತ ಪಂಪನ್ನು ತಿರುಗಿಸುವ ಡ್ರೈವ್‌ಶಾಫ್ಟಿಗೆ ಬೀಳುತ್ತದೆ.

ಪಕ್ಕಕ್ಕೆ ಉರುಳುವ ಬ್ಯಾರಲ್ ರೋಲ್‌ನಲ್ಲಿ ಯಂತ್ರ ಮೂತಿಯಿಂದ ಬಾಲದವರೆಗಿನ ಉದ್ದಗೆರೆಯ ಸುತ್ತ ತಿರುಗುತ್ತದೆ. ಇದಕ್ಕೆ ಅಲೆಯ ದಂಡೆಯನ್ನು ನೇರವಾಗಿ ಹತ್ತದೆ ಓರೆಯಾಗಿ ಹತ್ತಬೇಕು. ಯಂತ್ರದ ಒಂದು ಪಕ್ಕ ಮೊದಲು ಮೇಲೇಳುತ್ತದೆ. ಅಲೆಯ ನೆತ್ತಿಯಲ್ಲಿ ಹ್ಯಾಂಡಲ್ ಎಳೆದು, ಉರುಳುವ ಕಡೆಯ ಭುಜದ ಮೇಲಿಂದ ಕಣ್ಣು ಹಾಯಿಸಿದರೆ ಸುತ್ತು ಶುರು. ಉದ್ದಗೆರೆಯ ಸುತ್ತ ತಿರುಗಿಸಲು ಕಡಿಮೆ ಬಲ ಸಾಕು, ಏಕೆಂದರೆ ಯಂತ್ರದ ಭಾರವೆಲ್ಲ ಆ ಗೆರೆಯ ಹತ್ತಿರವೇ ಇದೆ. ಆದರೆ ಓರೆ ಎಷ್ಟಿರಬೇಕು, ಎಳೆತ ಯಾವಾಗ ಎಂಬ ಹೊಂದಾಣಿಕೆ ಇಲ್ಲಿ ಹೆಚ್ಚು ಸೂಕ್ಷ್ಮ. ಸ್ವಲ್ಪ ತಪ್ಪಿದರೂ ಯಂತ್ರ ಅರ್ಧ ಉರುಳಿ ತಲೆಕೆಳಗಾಗಿ ಬೀಳುತ್ತದೆ.

ಎರಡರಲ್ಲಿ ಯಾವುದನ್ನು ಮೊದಲು ಕಲಿಯಬೇಕು ಎಂಬುದರಲ್ಲಿ ಸವಾರರು ಒಮ್ಮತಕ್ಕೆ ಬಂದಿಲ್ಲ. ಸಮುದ್ರದ ಅಲೆಗಳ ಮೇಲೆ ಆಡುವವರು, ಅಂದರೆ ಫ್ರೀರೈಡ್ ಪಂಗಡದವರು, ಉರುಳಿನಿಂದ ಶುರು ಮಾಡುತ್ತಾರೆ. ಒಡೆಯುವ ಅಲೆ ಅವರಿಗೆ ಎತ್ತರವನ್ನು ಪುಕ್ಕಟೆ ಕೊಡುತ್ತದೆ, ಸಾಧಾರಣ ಎಂಜಿನ್ ಸಾಕಾಗುತ್ತದೆ. ಸರೋವರದಲ್ಲಿ ಕಲಿಯುವವರಿಗೆ ಅಂಥ ಅಲೆ ಇಲ್ಲ. ಅವರು ಬಲವಾದ ಎಂಜಿನ್ ಕೂರಿಸಿಕೊಂಡು ಹಿಮ್ಮುಖ ಲಾಗದಿಂದ ಶುರು ಮಾಡುವುದುಂಟು. ನೀರು ಯಾವುದೋ ಕಲಿಕೆಯ ಕ್ರಮವೂ ಅದನ್ನೇ ಅನುಸರಿಸುತ್ತದೆ.

ಎರಡೂ ಪಂಗಡದವರು ಒಪ್ಪುವ ಮಾತೊಂದಿದೆ: ಅರ್ಧದಲ್ಲಿ ಮನಸ್ಸು ಬದಲಿಸಬಾರದು. ಹೊಸಬರ ಹೆಚ್ಚಿನ ಪೆಟ್ಟುಗಳು ಬರುವುದು ಎಳೆದ ಮೇಲೆ ಹೆದರಿ ಬೆರಳು ಬಿಟ್ಟಾಗ. ಆಗ ತಿರುಗುವ ವೇಗ ಸಾಲದೆ ಯಂತ್ರ ನೆಟ್ಟಗೆ ನಿಂತು ಸವಾರನ ಮೇಲೆಯೇ ಒರಗುತ್ತದೆ. ಸುತ್ತು ಮುಗಿಯುವುದಿಲ್ಲ ಎಂದು ಖಚಿತವಾದರೆ ಯಂತ್ರವನ್ನು ಕಾಲಿನಿಂದ ದೂರ ತಳ್ಳಿ ಪಕ್ಕಕ್ಕೆ ಬೀಳಬೇಕು. ಹೀಗೆ ಬೀಳುವುದನ್ನೂ ಅಭ್ಯಾಸ ಮಾಡಿಯೇ ಕಲಿಯಬೇಕು. ಪಾದಗಳನ್ನು ಹಿಡಿದಿಡಲು ಹಾಕಿಸುವ ಪಟ್ಟಿಗಳು ನೆಗೆಯುವಾಗ ಕಾಲು ಜಾರದಷ್ಟು ಬಿಗಿ ಇರಬೇಕು, ಬೀಳುವಾಗ ಕಾಲು ಕಳಚಿಕೊಳ್ಳುವಷ್ಟು ಸಡಿಲವೂ ಇರಬೇಕು.

ಯಂತ್ರವೂ ಸಿದ್ಧವಾಗಬೇಕು

ಅಂಗಡಿಯಿಂದ ತಂದ ಯಂತ್ರದಲ್ಲಿ ಸುತ್ತು, ಸಬ್‌ಮರೀನ್, ಸಣ್ಣ ನೆಗೆತ ಇವೆಲ್ಲ ಸಾಧ್ಯ, ಅಲೆ ಇದ್ದರೆ ಉರುಳೂ ಸಾಧ್ಯ. ಸಮತಟ್ಟು ನೀರಿನ ಲಾಗಕ್ಕೆ ಮಾತ್ರ ಯಂತ್ರವನ್ನು ಬದಲಿಸಲೇಬೇಕು. ಕಂಪನಿಯ ಟೂ-ಸ್ಟ್ರೋಕ್ ಸೂಪರ್‌ಜೆಟ್ ಸುಮಾರು 139 ಕಿಲೋ ತೂಗುತ್ತಿತ್ತು. ಪರಿಣತರು ಅದರ ಜಾಗದಲ್ಲಿ ಕಾರ್ಬನ್ ಫೈಬರಿನಿಂದ ಮಾಡಿದ ಗಿಡ್ಡ ಒಡಲು ತರಿಸುತ್ತಾರೆ. ಮೂತಿಯೊಳಗೆ ನೀರು ಹೀರದ ಫೋಮ್ ತುಂಬುತ್ತಾರೆ, ಹ್ಯಾಂಡಲಿನ ಕೋಲನ್ನು ಗಿಡ್ಡ ಮಾಡುತ್ತಾರೆ, ಎಂಜಿನ್ನಿನ ಗಾತ್ರವನ್ನು ಹಿಗ್ಗಿಸಿ ತಕ್ಷಣ ಬಲ ಕೊಡುವಂತೆ ಹದಗೊಳಿಸುತ್ತಾರೆ. ಇಲ್ಲಿ ಗರಿಷ್ಠ ವೇಗಕ್ಕೆ ಬೆಲೆಯಿಲ್ಲ, ಬೆರಳು ಒತ್ತಿದ ಕ್ಷಣದಲ್ಲಿ ಸಿಗುವ ನೂಕಿಗೆ ಬೆಲೆ. ಇದಕ್ಕೆಲ್ಲ ಆಗುವ ಖರ್ಚು ದೊಡ್ಡದು. ಕಲಿಯುವವರು ಹಳೆಯ ಯಂತ್ರದಲ್ಲಿ ತಳಹದಿ ಗಟ್ಟಿ ಮಾಡಿಕೊಂಡು ಆಮೇಲೆ ಹಣ ಹಾಕುವುದು ಜಾಣತನ.

ಮಗುಚಿದ ಯಂತ್ರವನ್ನು ನೆಟ್ಟಗೆ ಮಾಡುವುದಕ್ಕೂ ಒಂದು ಕ್ರಮವಿದೆ. ಯಾವ ಕಡೆಗೆ ಉರುಳಿಸಿ ಎತ್ತಬೇಕೆಂದು ಯಂತ್ರದ ಹಿಂಬದಿಯಲ್ಲಿ ಬಾಣದ ಗುರುತಿನ ಚೀಟಿ ಅಂಟಿಸಿರುತ್ತಾರೆ. ವಿರುದ್ಧ ದಿಕ್ಕಿಗೆ ಉರುಳಿಸಿದರೆ ಹೊಗೆಕೊಳವೆಯಲ್ಲಿ ನಿಂತ ನೀರು ಎಂಜಿನ್ನಿಗೆ ಹರಿಯಬಹುದು. ನೀರನ್ನು ಗಾಳಿಯಂತೆ ಅದುಮಲು ಬರುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಸ್ಟಾರ್ಟ್ ಮಾಡಲು ಹಟ ಹಿಡಿದರೆ ಒಳಗಿನ ರಾಡ್ ಬಾಗುತ್ತದೆ. ದಡಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರನ್ನು ಹೊರಗೆ ಉಗುಳಿಸುವುದೇ ಸರಿಯಾದ ದಾರಿ. ಹಾಗಾಗಿ ಪ್ಲಗ್ ಬಿಚ್ಚುವ ಪಾನಾ ಈ ಕಲಿಕೆಗೆ ಹ್ಯಾಂಡಲಿನಷ್ಟೇ ಅಗತ್ಯ.

ಮೈ ಕಾಯುವ ಸಲಕರಣೆ

ಜೇಕಬ್ಸನ್ ನೆಲ ಬಿಟ್ಟು ನೀರನ್ನು ಆರಿಸಿಕೊಂಡದ್ದು ಸರಿಯೇ. ಆದರೂ ಈ ಆಟದಲ್ಲಿ ಪೆಟ್ಟು ಕೊಡುವುದು ಹೆಚ್ಚಾಗಿ ನೀರಲ್ಲ, ಯಂತ್ರ. ತಪ್ಪಿ ಇಳಿದಾಗ ಹ್ಯಾಂಡಲ್ ಮುಖಕ್ಕೆ ಬಡಿಯುತ್ತದೆ, ಕಣಕಾಲು ತಿರುಚುತ್ತದೆ, ಮೊಣಕಾಲಿಗೆ ಹೊಡೆತ ಬೀಳುತ್ತದೆ. ಹೆಲ್ಮೆಟ್, ಹೊಡೆತ ತಡೆಯುವ ಲೈಫ್ ಜಾಕೆಟ್, ಕಣಕಾಲು ಮುಚ್ಚುವ ಬೂಟು ಇಲ್ಲದೆ ಅಭ್ಯಾಸಕ್ಕೆ ಇಳಿಯಬಾರದು. ವೆಟ್‌ಸೂಟ್ ಚಡ್ಡಿಯನ್ನು ಚಳಿಗಾಗಿ ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ. ಹಿಂದಕ್ಕೆ ಬಿದ್ದವರ ದೇಹದೊಳಕ್ಕೆ ನಾಜಲಿನ ನೀರು ನುಗ್ಗಿ ಗಂಭೀರ ಗಾಯ ಮಾಡಬಲ್ಲದು, ಅದನ್ನು ತಡೆಯುವ ಉಡುಪು ತೊಡಬೇಕೆಂದು ಯಂತ್ರದ ಮೇಲಿನ ಎಚ್ಚರಿಕೆಯ ಚೀಟಿಯೇ ಹೇಳುತ್ತದೆ. ಕವಾಸಾಕಿಯ ಮೊದಮೊದಲ ಯಂತ್ರಗಳು ಸವಾರ ಬಿದ್ದರೆ ನಿಧಾನವಾಗಿ ವೃತ್ತ ಹಾಕುತ್ತ ಅವನಿಗಾಗಿ ಕಾಯುತ್ತಿದ್ದವು. ಈಗ ಸವಾರನ ಮಣಿಕಟ್ಟಿಗೆ ಒಂದು ಹುರಿ ಕಟ್ಟಿರುತ್ತಾರೆ. ಅವನು ಬಿದ್ದೊಡನೆ ಹುರಿ ಕಳಚಿ ಎಂಜಿನ್ ನಿಲ್ಲುತ್ತದೆ. ನೀರು ಆಳವಿರಬೇಕು, ಸುತ್ತ ಈಜುವವರಿರಬಾರದು, ದಡದಲ್ಲಿ ಕಣ್ಣಿಟ್ಟು ನೋಡುವ ಒಬ್ಬರಿರಲೇಬೇಕು.

ಈ ಶಿಸ್ತಿನಿಂದ ಮೇಲೆ ಬಂದವರ ಸಾಲು ಉದ್ದವಿದೆ. ಅಮೆರಿಕದ ಎರಿಕ್ ಮಲೋನ್, ಬ್ರೆಜಿಲ್‌ನ ಅಲೆಸ್ಸಾಂಡರ್ ಲೆಂಜಿ ಹಲವು ಬಾರಿ ಫ್ರೀಸ್ಟೈಲ್ ವಿಶ್ವ ಚಾಂಪಿಯನ್ ಆದವರು. ಅರಬ್ ಸಂಯುಕ್ತ ಸಂಸ್ಥಾನದ ರಶೀದ್ ಅಲ್ ಮುಲ್ಲಾ ಆಕ್ವಾಬೈಕ್ ವಿಶ್ವ ಚಾಂಪಿಯನ್‌ಶಿಪ್‌ನ ಫ್ರೀಸ್ಟೈಲ್ ವಿಭಾಗದಲ್ಲಿ ಹೆಸರು ಮಾಡಿದ್ದಾರೆ. ಆ ಸ್ಪರ್ಧೆ ಶಾರ್ಜಾದ ಖಾಲಿದ್ ಲಗೂನಿನಲ್ಲೂ ನಡೆದಿರುವುದರಿಂದ ಕೊಲ್ಲಿಯಲ್ಲಿರುವ ಕನ್ನಡಿಗರಿಗೆ ಇದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ಫ್ರಾನ್ಸಿನ ಫ್ರಾಂಕಿ ಜಪಾಟಾ ಜೆಟ್ ಸ್ಕೀ ಪಂದ್ಯಗಳಲ್ಲಿ ಗೆದ್ದು, ಅದೇ ಪಂಪಿನ ನೀರನ್ನು ಕೊಳವೆಯಿಂದ ಪಾದದಡಿಗೆ ತಂದು ಮನುಷ್ಯನನ್ನು ಮೇಲೆತ್ತುವ ಫ್ಲೈಬೋರ್ಡ್ ಕಂಡುಹಿಡಿದರು. ಆಮೇಲೆ ಟರ್ಬೈನ್ ಎಂಜಿನ್ನುಗಳ ಹಲಗೆಯ ಮೇಲೆ ನಿಂತು 2019ರ ಆಗಸ್ಟ್ 4ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿದರು.

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಜೆಟ್ ಸ್ಕೀ ಸ್ಪರ್ಧೆಗಳಿದ್ದವು, ನಿಂತು ಓಡಿಸುವ ವರ್ಗವೂ ಇತ್ತು. ಫ್ರೀಸ್ಟೈಲ್‌ಗೆ ಅಲ್ಲಿ ಜಾಗ ಸಿಗಲಿಲ್ಲ. ನಮ್ಮ ಕರಾವಳಿಯಲ್ಲಿ ಈ ಆಟ ಬೇರೂರಬೇಕಾದರೆ ಅದಕ್ಕೂ ಮುಂಚೆ ನೀರಿನ ಶಿಸ್ತು ಬೇರೂರಬೇಕು. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜಲಕ್ರೀಡೆ ನಡೆಸುವವರಿಗೂ ಜೀವರಕ್ಷಕರಿಗೂ ತರಬೇತಿ ಕೊಡುತ್ತದೆ. ಆಸಕ್ತಿಯುಳ್ಳ ಯುವಕ ಯುವತಿಯರು ಈಜು ಕಲಿತು, ಅಂಥ ತರಬೇತಿಯಿಂದ ಶುರು ಮಾಡುವುದು ಒಳ್ಳೆಯದು. ಲಾಗದ ಆಸೆ ಇಲ್ಲದೆ ಬರೀ ಒಂದು ಸುತ್ತಿಗೆಂದು ಹೋಗುವವರಿಗೂ ಒಂದು ಮಾತು: ಲೈಫ್ ಜಾಕೆಟಿನ ಎಲ್ಲ ಬಕಲ್ ಬಿಗಿದುಕೊಳ್ಳಿ, ಎಂಜಿನ್ ನಿಲ್ಲಿಸುವ ಆ ಹುರಿ ಓಡಿಸುವವರ ಕೈಗೆ ಕಟ್ಟಿದೆಯೇ ಎಂದು ನೋಡಿ, ಕಟ್ಟಿರದಿದ್ದರೆ ಹತ್ತಬೇಡಿ.